ಬೆರಳ ತುದಿಯಲ್ಲಿ ಕಡಲಿನ ಕಥೆ

ಅದೊಂದು ಸಂದರ್ಶನ. 1960ರ ದಶಕದ ಕೊನೆಯ ಭಾಗ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಸಂಶೋಧನೆಗೆ ಅರ್ಜಿ ಹಾಕಿದ್ದ ಯುವಕನೊಬ್ಬ ಪ್ರೊಫೆಸರ್ ಎಡ್ಗರ್ ಬೋಯೆಲ್ ಅವರ ಮುಂದೆ ಕುಳಿತಿದ್ದಾನೆ. ಅಂಕಗಳು ಚೆನ್ನಾಗಿವೆ, ಶಿಫಾರಸು ಪತ್ರಗಳೂ ಚೆನ್ನಾಗಿವೆ. ಆದರೆ ಹುಡುಗನಿಗೆ ಎರಡೂ ಕಣ್ಣಿಲ್ಲ. ಕಣ್ಣಿಲ್ಲದವನು ಜೀವವಿಜ್ಞಾನ ಮಾಡುವುದೆಂದರೇನು? ಪ್ರೊಫೆಸರರ ಪ್ರಶ್ನೆ ಹೆಚ್ಚುಕಡಿಮೆ ಅದೇ ಆಗಿತ್ತು. ಮಾತು ಮುಂದುವರಿಸುವ ಬದಲು ಅವರು ಯುವಕನನ್ನು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಅಲ್ಲಿದ್ದ ಸಾವಿರಾರು ಚಿಪ್ಪುಗಳಲ್ಲಿ ಒಂದನ್ನು ತೆಗೆದು ಅವನ ಕೈಗಿಟ್ಟು, ಇದೇನು ಹೇಳು ಎಂದರು.

ಬೆರಳುಗಳು ಚಿಪ್ಪಿನ ಮೇಲೆ ಓಡಿದವು. ದೂರ ದೂರ ನಿಂತ ಏಣುಗಳು, ಅಗಲವಾದ ಬಾಯಿ, ಗಾಜಿನಂಥ ನುಣುಪು. ಇದು ಹಾರ್ಪಾ ಎಂದ. ಪ್ರಭೇದದ ಹೆಸರನ್ನೂ ಸೇರಿಸಿದ. ಸರಿ, ಇದು? ಇನ್ನೊಂದು ಚಿಪ್ಪು ಬಂತು. ಉದ್ದಕ್ಕೆ ನುಣ್ಣಗಿದೆ, ಬಾಯಿ ಕಿರಿದು. ಇದು ಆಲಿವ್ ಚಿಪ್ಪು, ಫ್ಲಾರಿಡಾ ಕಡೆಯದಿರಬೇಕು ಎಂದ. ಎರಡೂ ಸರಿ! ಈ ಪರೀಕ್ಷೆ ಮೊದಲೇ ಯೋಚಿಸಿಟ್ಟದ್ದೆಂದು ಅವನಿಗೆ ಆಮೇಲೆ ಅರ್ಥವಾಯಿತು. ಅಷ್ಟುಹೊತ್ತು ಬಿಗಿಯಾಗಿದ್ದ ಪ್ರೊಫೆಸರರ ದನಿ ಆ ಕ್ಷಣದಿಂದ ಬದಲಾಯಿತು. ಪೂರ್ತಿ ಬೆಂಬಲದ ಮಾತು ಕೊಟ್ಟರು.

ಆ ಯುವಕನೇ ಗೇರಟ್ ವರ್ಮೇ. ಕಡಲ ಚಿಪ್ಪುಗಳ ಬಗ್ಗೆ, ಅವುಗಳ ವಿಕಾಸದ ಬಗ್ಗೆ ಜಗತ್ತು ಯೋಚಿಸುವ ರೀತಿಯನ್ನೇ ಬದಲಿಸಿದ ವಿಜ್ಞಾನಿಗಳಲ್ಲಿ ಒಬ್ಬರು.

ವರ್ಮೇ ಹುಟ್ಟಿದ್ದು 1946ರಲ್ಲಿ, ನೆದರ್‌ಲ್ಯಾಂಡ್ಸ್ ದೇಶದ ಸಪ್ಪಮೇರ್ ಎಂಬ ಊರಿನಲ್ಲಿ. ಹುಟ್ಟಿನಿಂದಲೇ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರುತ್ತಾ ಹೋಗಿ ನೋವು ಕೊಡುವ ಕಾಯಿಲೆ ಇದು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಫಲ ಸಿಗಲಿಲ್ಲ. ಮಗುವಿಗೆ ಮೂರು ವರ್ಷ ದಾಟಿದ ಹೊತ್ತಿಗೆ ವೈದ್ಯರು ಕಣ್ಣುಗಳನ್ನೇ ತೆಗೆಯಬೇಕಾಯಿತು. ಆ ನಿರ್ಧಾರಕ್ಕೆ ಒಪ್ಪಿಗೆ ಕೊಟ್ಟ ತಂದೆತಾಯಿಯ ಸಂಕಟವನ್ನು ನಾವು ಊಹಿಸಿಕೊಳ್ಳಬೇಕಷ್ಟೆ.

ಆದರೆ ಆಮೇಲೆ ಅವರು ಮಾಡಿದ ಕೆಲಸ ಗಮನಿಸಬೇಕಾದದ್ದು. ಮಗನಿಗೆ ಬ್ರೈಲ್ ಕಲಿಸಲು ಕಳಿಸಿ ಸುಮ್ಮನಾಗಲಿಲ್ಲ, ತಾವೂ ಬ್ರೈಲ್ ಕಲಿತರು. ಅಣ್ಣನೂ ಕಲಿತ. ಹೊರಗೆ ತಿರುಗಾಡಲು ಹೋದಾಗ ಎಲೆ, ಹೂವು, ಹುಳು, ಚಿಪ್ಪು ಯಾವುದು ಸಿಕ್ಕಿದರೂ ಅವನ ಕೈಗೆ ಕೊಟ್ಟರು. ಮುಟ್ಟಬೇಡ, ಗಲೀಜು, ಚುಚ್ಚೀತು ಎನ್ನುವ ಮಾತು ಆ ಮನೆಯಲ್ಲಿ ಕಡಿಮೆ ಇತ್ತೆಂದು ಕಾಣುತ್ತದೆ. (ನಮ್ಮ ಮನೆಗಳಲ್ಲಿ ಕಣ್ಣಿರುವ ಮಕ್ಕಳಿಗೇ ದಿನಕ್ಕೆ ಎಷ್ಟು ಸಲ ಈ ಮಾತು ಹೇಳುತ್ತೇವೆ, ಲೆಕ್ಕ ಹಾಕಿ ನೋಡಿ!)

1955ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ನ್ಯೂ ಜೆರ್ಸಿಯ ಡೋವರ್ ಎಂಬ ಊರಿನ ಸಾಮಾನ್ಯ ಶಾಲೆ. ಕಣ್ಣಿರುವ ಮಕ್ಕಳ ನಡುವೆಯೇ ಪಾಠ. ನಾಲ್ಕನೇ ತರಗತಿಯ ಟೀಚರ್ ಶ್ರೀಮತಿ ಕೋಲ್ಬರ್ಗ್ ಫ್ಲಾರಿಡಾಕ್ಕೆ ಹೋಗಿದ್ದಾಗ ಆರಿಸಿ ತಂದಿದ್ದ ಚಿಪ್ಪುಗಳನ್ನು ತರಗತಿಯ ಕಿಟಕಿಯ ಅಂಚಿನಲ್ಲಿ ಸಾಲಾಗಿ ಇಟ್ಟರು. ಮಕ್ಕಳು ನೋಡಲಿ ಎಂದು. ಗೇರಟ್ ಮುಟ್ಟಿದ.

ಅವನಿಗೆ ಚಿಪ್ಪು ಹೊಸದಲ್ಲ. ಡಚ್ ಕಡಲತೀರದಲ್ಲಿ ಎಷ್ಟೋ ಆರಿಸಿದ್ದ. ಆದರೆ ಅವೆಲ್ಲ ಸುಣ್ಣದ ತುಂಡಿನಂತೆ ಒರಟು, ಸಾದಾ. ಇಲ್ಲಿ ಬೆರಳಿಗೆ ಸಿಕ್ಕಿದ್ದೇ ಬೇರೆ. ಒಳಗೆಲ್ಲ ಪಿಂಗಾಣಿಯ ನುಣುಪು, ಹೊರಗೆ ಯಾರೋ ಕೂತು ಕೆತ್ತಿದಂಥ ಏಣು, ಮುಳ್ಳು, ಸುರುಳಿ. ಹತ್ತು ವರ್ಷದ ಹುಡುಗನ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಬೆಚ್ಚಗಿನ ಕಡಲಿನ ಚಿಪ್ಪುಗಳು ಇಷ್ಟು ಅಲಂಕಾರವಾಗಿಯೂ ತಣ್ಣಗಿನ ಕಡಲಿನವು ಇಷ್ಟು ಬೋಳಾಗಿಯೂ ಯಾಕಿವೆ?

ಜೀವನಪೂರ್ತಿ ಅವರು ಬೆನ್ನುಹತ್ತಿದ್ದು ಈ ಒಂದೇ ಪ್ರಶ್ನೆಯನ್ನು ಎಂದರೆ ತಪ್ಪಾಗದು. ಹುಡುಗ ಚಿಪ್ಪು ಸಂಗ್ರಹಿಸತೊಡಗಿದ. ಮನೆಯವರು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳಿದರು. ಶಾಲೆ ಮುಗಿಸಿ ಪ್ರಿನ್ಸ್‌ಟನ್‌ನಲ್ಲಿ 1968ರಲ್ಲಿ ಪದವಿ, ಯೇಲ್‌ನಲ್ಲಿ 1971ರಲ್ಲಿ ಪಿಎಚ್.ಡಿ. ಆಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ ಹುದ್ದೆ, ಅಲ್ಲಿಂದ ಕ್ಯಾಲಿಫೋರ್ನಿಯಾದ ಡೇವಿಸ್‌ಗೆ.

ಪ್ರಶ್ನೆಗೆ ಉತ್ತರದ ಅರ್ಧಭಾಗ ರಸಾಯನಶಾಸ್ತ್ರದಲ್ಲೇ ಇದೆ. ಚಿಪ್ಪೆಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಬೆಚ್ಚಗಿನ ನೀರಿನಲ್ಲಿ ಇದು ಸುಲಭವಾಗಿ ಗಟ್ಟಿಯಾಗಿ ಕೂರುತ್ತದೆ. ತಣ್ಣಗಿನ ನೀರಿನಲ್ಲಿ ಕರಗುವ ಪ್ರವೃತ್ತಿ ಹೆಚ್ಚು. ಹಾಗಾಗಿ ಉಷ್ಣವಲಯದ ಪ್ರಾಣಿಗೆ ಮನೆ ಕಟ್ಟುವ ಸಾಮಗ್ರಿ ಅಗ್ಗ. ಆದರೆ ಸಾಮಗ್ರಿ ಅಗ್ಗವೆಂದು ಯಾರೂ ಕೋಟೆ ಕಟ್ಟುವುದಿಲ್ಲವಲ್ಲ? ಕೋಟೆ ಬೇಕಾಗುವುದು ಶತ್ರು ಇದ್ದಾಗ.

ಆ ಶತ್ರುವಿನ ಸುಳಿವು ಸಿಕ್ಕಿದ್ದು 1970ರಲ್ಲಿ, ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ. ಅಲ್ಲಿ ಅವರ ಕೈಗೆ ಮುರಿದ ಚಿಪ್ಪುಗಳು ಬಂದವು. ಸಾಮಾನ್ಯವಾಗಿ ಸಂಗ್ರಹಕಾರರು ಮುರಿದದ್ದನ್ನು ಎಸೆಯುತ್ತಾರೆ. ಅವರಿಗೆ ಬೇಕಾದ್ದು ಬಣ್ಣ ಮಾಸದ, ಅಂಚು ಒಡೆಯದ ಸುಂದರ ಮಾದರಿ. ಬಣ್ಣ ಎಂಬುದೇ ಇಲ್ಲದ ವರ್ಮೇ ಅವರ ಪ್ರಪಂಚದಲ್ಲಿ ಮುರಿದ ಅಂಚು ಎಲ್ಲಕ್ಕಿಂತ ಕುತೂಹಲದ್ದಾಯಿತು. ಇದನ್ನು ಮುರಿದವರು ಯಾರು? ಏಡಿಗಳು! ಸಾಧಾರಣ ಏಡಿಗಳಲ್ಲ. ಇಕ್ಕಳದಂಥ ಕೊಂಡಿಗಳಿಂದ ದಪ್ಪ ಚಿಪ್ಪನ್ನೂ ನೆಲಗಡಲೆಯಂತೆ ಒಡೆಯಬಲ್ಲ ಉಷ್ಣವಲಯದ ಏಡಿಗಳು.

ಆಮೇಲೆ ಅವರು ಹುಡುಕಿದ್ದು ಇನ್ನೂ ಸೂಕ್ಷ್ಮವಾದದ್ದು. ಏಡಿ ಒಡೆಯಲು ಯತ್ನಿಸಿ ಸೋತರೆ ಏನಾಗುತ್ತದೆ? ಶಂಖದ ಹುಳು ಬದುಕಿಕೊಳ್ಳುತ್ತದೆ, ಮುರಿದ ಅಂಚಿನಿಂದ ಮತ್ತೆ ಚಿಪ್ಪು ಬೆಳೆಸುತ್ತದೆ. ಆ ಜಾಗದಲ್ಲಿ ಅಂಕುಡೊಂಕಾದ ಒಂದು ಗಾಯದ ಗುರುತು ಶಾಶ್ವತವಾಗಿ ಉಳಿಯುತ್ತದೆ. ಸೆಣಸಿ ಗೆದ್ದದ್ದರ ದಾಖಲೆ ಅದು. ಜೀವಂತ ಶಂಖಗಳ ಮೇಲೆ ಮಾತ್ರವಲ್ಲ, ಕೋಟಿಗಟ್ಟಲೆ ವರ್ಷ ಹಳೆಯ ಪಳೆಯುಳಿಕೆಗಳ ಮೇಲೂ ಈ ಗುರುತುಗಳಿವೆ. ಯಾವ ಯುಗದಲ್ಲಿ ಎಷ್ಟು ಗಾಯ ಎಂದು ಎಣಿಸಬಹುದು. ಬೆರಳಿನಿಂದ, ಇನ್ನೂ ಚಿಕ್ಕದಾದರೆ ಉಗುರಿನಿಂದ, ಇನ್ನೂ ಚಿಕ್ಕದಾದರೆ ಸೂಜಿಯ ಮೊನೆಯಿಂದ.

ಹೀಗೆ ಕೂಡಿಬಂದ ಚಿತ್ರವನ್ನು ವರ್ಮೇ 1977ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಮಂಡಿಸಿದರು. ಡೈನೋಸಾರ್‌ಗಳ ಕಾಲದಲ್ಲಿ, ಅಂದರೆ ಸುಮಾರು 25 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ, ಕಡಲಿನೊಳಗೂ ಒಂದು ಕ್ರಾಂತಿ ನಡೆಯಿತು. ಚಿಪ್ಪು ಒಡೆಯುವ ಏಡಿಗಳು, ಮೀನುಗಳು, ಚಿಪ್ಪಿಗೆ ತೂತು ಕೊರೆಯುವ ಬೇಟೆಗಾರ ಹುಳುಗಳು ಹೆಚ್ಚಿದವು. ಅದಕ್ಕೆ ತಕ್ಕಂತೆ ಚಿಪ್ಪುಗಳು ದಪ್ಪವಾದವು, ಬಾಯಿ ಕಿರಿದಾಯಿತು, ಮುಳ್ಳು ಮೂಡಿತು. ಸಡಿಲವಾಗಿ ಸುತ್ತಿಕೊಂಡ ಹಳೆಯ ಮಾದರಿಯ ಚಿಪ್ಪುಗಳು ವಿರಳವಾದವು. ಏಡಿಯ ಕೊಂಡಿ ಬಲವಾದಂತೆ ಚಿಪ್ಪು ಬಲವಾಯಿತು, ಒಂದು ರೀತಿಯ ಶಸ್ತ್ರಾಸ್ತ್ರ ಪೈಪೋಟಿ! ಇದನ್ನೇ ವಿಸ್ತರಿಸಿ 1987ರಲ್ಲಿ ಅವರು ಬರೆದ ದೊಡ್ಡ ಗ್ರಂಥ ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವಂಥದ್ದು. ಎಲ್ಲರೂ ಒಪ್ಪುತ್ತಾರೆಂದಲ್ಲ. ಜೀವಿಗಳ ಚರಿತ್ರೆಯನ್ನು ತಿದ್ದಿದ್ದು ಶತ್ರುಗಳೋ ಅಥವಾ ಹವಾಮಾನ, ಸಾಮೂಹಿಕ ಅಳಿವುಗಳಂಥ ಸಂಗತಿಗಳೋ ಎಂಬ ವಾದ ಪಳೆಯುಳಿಕೆ ತಜ್ಞರಲ್ಲಿ ಮುಂದುವರಿದೇ ಇದೆ.

ನನಗೆ ತುಂಬಾ ಇಷ್ಟವಾದದ್ದು ಅವರ ಇನ್ನೊಂದು ಅಧ್ಯಯನ, 1982ರದು. ಯೂರೋಪಿನ ಹಸಿರು ಏಡಿ ಹಡಗುಗಳ ಜೊತೆ ಅಮೆರಿಕದ ಪೂರ್ವ ಕರಾವಳಿಗೆ ಬಂದು, 1900ರ ಆಸುಪಾಸಿನಿಂದ ಉತ್ತರದ ಕಡೆ ಹಬ್ಬತೊಡಗಿತ್ತು. ಅಲ್ಲಿನ ಬಂಡೆಗಳ ಮೇಲಿನ ಒಂದು ಪುಟ್ಟ ಶಂಖಕ್ಕೆ ಇದರಿಂದ ಏನಾಯಿತು? ವರ್ಮೇ ಸಂಗ್ರಹಾಲಯಗಳ ಡ್ರಾಯರುಗಳಲ್ಲಿ ದಶಕಗಳಿಂದ ದೂಳು ಹಿಡಿದಿದ್ದ ಹಳೆಯ ಚಿಪ್ಪುಗಳನ್ನು, ಅದೇ ಜಾಗಗಳ ಹೊಸ ಚಿಪ್ಪುಗಳ ಜೊತೆ ಹೋಲಿಸಿದರು. ಏಡಿ ಬಂದ ಮೇಲಿನವು ಹೆಚ್ಚು ದಪ್ಪ. ಕೆಲವು ದಶಕಗಳಲ್ಲೇ ಬದಲಾವಣೆ!

ಕಣ್ಣಿಲ್ಲದವರೆಂದು ಅವರು ಕೋಣೆಯಲ್ಲಿ ಕುಳಿತು ಇದನ್ನೆಲ್ಲ ಮಾಡಿದರೆಂದು ತಿಳಿಯಬೇಡಿ. ಹವಳದ ದಿಬ್ಬಗಳಲ್ಲಿ, ಕೆಸರಿನ ತೀರಗಳಲ್ಲಿ ನೀರಿಗಿಳಿದು ಕಲ್ಲಿನಡಿ ಕೈ ಹಾಕಿ ಹುಡುಕಿದ್ದಾರೆ. ತೊರಕೆ ಮೀನು ಚುಚ್ಚಿದೆ, ಏಡಿ ಕಚ್ಚಿದೆ. ಆಫ್ರಿಕದ ಒಂದು ದೇಶದಲ್ಲಿ ಸರ್ಕಾರ ಉರುಳಿಸಲು ಬಂದವರೆಂದು ಪೊಲೀಸರು ಹಿಡಿದು ಕೂರಿಸಿದ್ದೂ ಉಂಟು. ಕ್ಷೇತ್ರಕಾರ್ಯ ಮಾಡುವ ಯಾವ ವಿಜ್ಞಾನಿಗೂ ಇಂಥವು ತಪ್ಪಿದ್ದಲ್ಲ, ಇದರಲ್ಲಿ ಕುರುಡುತನದ ವಿಶೇಷವೇನಿಲ್ಲ ಎಂಬುದು ಅವರ ನಿಲುವು. ಹೆಂಡತಿ ಎಡಿತ್ ಸ್ವತಃ ಜೀವವಿಜ್ಞಾನಿ. ಸಂಶೋಧನಾ ಪ್ರಬಂಧಗಳನ್ನು ಆಕೆಯೋ ಸಹಾಯಕರೋ ಓದಿ ಹೇಳಿದಂತೆ ಬ್ರೈಲ್‌ನಲ್ಲಿ ಟಿಪ್ಪಣಿ ಮಾಡಿಕೊಳ್ಳುವುದು ಅವರ ಕ್ರಮ. ಹಾಗೆ ಬೆಳೆದ ಟಿಪ್ಪಣಿಗಳೇ ಒಂದು ದೊಡ್ಡ ಗ್ರಂಥಾಲಯ. 1992ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಬಂತು. ‘ಪ್ರಿವಿಲೆಜ್ಡ್ ಹ್ಯಾಂಡ್ಸ್’ ಎಂಬ ಆತ್ಮಕಥೆಯನ್ನೂ ಬರೆದರು. ಅದೃಷ್ಟದ ಕೈಗಳು ಎನ್ನಬಹುದೇನೋ.

ಇದನ್ನು ಓದುವಾಗ ನಮ್ಮ ಕಡೆಯ ಒಂದು ರೂಢಿ ನೆನಪಾಗಿ ಕಸಿವಿಸಿಯಾಗುತ್ತದೆ. ದೃಷ್ಟಿಯಿಲ್ಲದ ವಿದ್ಯಾರ್ಥಿ ಹತ್ತನೇ ತರಗತಿ ದಾಟಿದನೆಂದರೆ ಬಹುಮಟ್ಟಿಗೆ ಕಲಾ ವಿಭಾಗಕ್ಕೇ ದಾರಿ ತೋರಿಸುತ್ತೇವೆ. ಪ್ರಯೋಗಾಲಯದಲ್ಲಿ ಅವನೇನು ಮಾಡಿಯಾನು ಎನ್ನುತ್ತೇವೆ. ಚಿಪ್ಪೊಂದನ್ನು ಕೈಗಿಟ್ಟು ಕೇಳಿ ನೋಡುವುದಿಲ್ಲ.

ಅಂದಹಾಗೆ, ವರ್ಮೇ ಹೇಳುವ ಅತಿ ಗಟ್ಟಿ ಚಿಪ್ಪುಗಳ ಸೀಮೆ ಪಶ್ಚಿಮ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರ. ನಮ್ಮ ಕರಾವಳಿಯೂ ಅದರೊಳಗೇ ಬರುತ್ತದೆ. ಮುಂದಿನ ಸಲ ಮಲ್ಪೆಗೋ ಕಾರವಾರಕ್ಕೋ ಹೋದಾಗ ಚೆಂದದ ಚಿಪ್ಪುಗಳನ್ನು ಪಕ್ಕಕ್ಕಿಟ್ಟು ಮುರಿದವನ್ನು ಆರಿಸಿ. ಕಪ್ಪೆಚಿಪ್ಪಿನ ಮೇಲೆ ಡ್ರಿಲ್ ಹಾಕಿದಂಥ ಗುಂಡಗಿನ ಪುಟ್ಟ ತೂತು, ಅದರ ಅಂಚು ಒಳಕ್ಕೆ ಇಳಿಜಾರಾಗಿದ್ದರೆ, ಅದು ಚಂದ್ರಶಂಖ ಎಂಬ ಬೇಟೆಗಾರನ ಕೆಲಸ. ಆಮ್ಲ ಸವರಿ, ಅರದಂಥ ನಾಲಗೆಯಿಂದ ಗಂಟೆಗಟ್ಟಲೆ ಉಜ್ಜಿ ಕೊರೆದದ್ದು. ಶಂಖದ ಬಾಯಿಯಂಚು ಸಿಪ್ಪೆ ಸುಲಿದಂತೆ ಹರಿದಿದ್ದರೆ ಏಡಿಯನ್ನು ಅನುಮಾನಿಸಬಹುದು. ಇನ್ನು ಗಾಯ ಮಾಗಿದ ಗುರುತು ಬೇಕೆಂದರೆ ಕಣ್ಣು ಮುಚ್ಚಿಕೊಂಡು, ಸುರುಳಿಯ ಗುಂಟ ಉಗುರನ್ನು ನಿಧಾನವಾಗಿ ಎಳೆಯಿರಿ. ಸಾಲಾಗಿ ಹೋಗುವ ಗೆರೆಗಳ ನಡುವೆ ಎಲ್ಲೋ ಒಂದು ಕಡೆ ಉಗುರು ತಡೆಯುತ್ತದೆ.