ಮಲಗುವ ಹೊತ್ತಿಗೆ ಬಜರಿಗರ್‌ಗಳ ಜಗಳವೇಕೆ?

ಬಜರಿಗರ್ ಆಸ್ಟ್ರೇಲಿಯಾದ ಒಣ ಬಯಲುಗಳ ಹಿಂಡುಹಕ್ಕಿ. ಕತ್ತಲಾಗುವಾಗ ಪ್ರತಿ ಹಕ್ಕಿಗೂ ಎತ್ತರದ ಜಾಗವೇ ಬೇಕು. ಪಂಜರದಲ್ಲಿ ಅಂಥ ಜಾಗ ಒಂದೇ ಇದ್ದರೆ ಕಚ್ಚಾಟ ಶುರುವಾಗುತ್ತದೆ. ಆದ್ದರಿಂದ ಮೇಲ್ಭಾಗದಲ್ಲಿ ಒಂದೇ ಎತ್ತರಕ್ಕೆ, ಎಲ್ಲ ಹಕ್ಕಿಗಳಿಗೂ ಸಾಕಾಗಿ ಮಿಗುವಷ್ಟು ಕೂರುವ ಕಡ್ಡಿಗಳಿರಬೇಕು. ಹೆಣ್ಣುಗಳ ಜಗಳ ಸಾಮಾನ್ಯವಾಗಿ ಜೋರು. ಗೂಡುಪೆಟ್ಟಿಗೆ ಇದ್ದರಂತೂ ಅದಕ್ಕಾಗಿ ರಕ್ತ ಬರುವಷ್ಟು ಕಾದಾಡುತ್ತವೆ. ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ಅದನ್ನು ತೆಗೆದುಬಿಡುವುದೇ ಲೇಸು.

ದೀಪವನ್ನು ತಟ್ಟನೆ ಆರಿಸಬಾರದು: ಜಾಗ ಹಿಡಿಯುವ ಮೊದಲೇ ಕತ್ತಲಾದರೆ ಹಕ್ಕಿ ಗಾಬರಿಯಿಂದ ಸರಳುಗಳಿಗೆ ಬಡಿದುಕೊಂಡು ಗಾಯಗೊಳ್ಳಬಹುದು. ಬೆಳಕನ್ನು ನಿಧಾನವಾಗಿ ಇಳಿಸಿ, ಒಂದು ಮಂದ ದೀಪ ಉಳಿಸಬೇಕು. ಗಾಳಿಯಾಡಲು ಒಂದು ಬದಿ ಬಿಟ್ಟು ಹತ್ತಿಬಟ್ಟೆ ಹೊದಿಸಬಹುದು. ನಿದ್ರೆಗೆ 10ರಿಂದ 12 ಗಂಟೆ ಬೇಕು. ಮಲಗುವ ಮುನ್ನದ ಸಣ್ಣ ತಳ್ಳಾಟ ಸಹಜ. ಗಾಯವಾಗುವಂತಿದ್ದರೆ ಮಾತ್ರ ಕಚ್ಚುವ ಹಕ್ಕಿಯನ್ನು ಬೇರೆ ಪಂಜರಕ್ಕೆ ಹಾಕಬೇಕು.