ದ್ವೀಪಯಾತ್ರೆಗೆ ಮುನ್ನ

ಪ್ರವಾಸವು ವಿದ್ಯಾಭ್ಯಾಸದ ಒಂದು ಅಂಗವೆಂದು ನಮ್ಮ ಅಧ್ಯಾಪಕರು ಹೇಳುವುದುಂಟು. ಅದು ನಿಜ. ಆದರೆ ಪ್ರವಾಸಕ್ಕೆ ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆಯೂ ಒಂದು ವಿದ್ಯೆಯೇ ಎಂಬುದನ್ನು ನಾನು ಹಣ ಕಳೆದುಕೊಂಡು ಕಲಿತೆನು. ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗೆ ಅರಬ್ಬೀ ಸಮುದ್ರದಲ್ಲಿರುವ ಸೇಂಟ್ ಮೇರಿಸ್ ದ್ವೀಪಕ್ಕೆಂದು ನಾನು ಎರಡು ಬಾರಿ ಹೊರಟೆ; ಅಲ್ಲಿ ಕಾಲಿಟ್ಟದ್ದು ಒಂದೇ ಬಾರಿ. ಮುಂದೆ ಅಲ್ಲಿಗೆ ಹೋಗಬಯಸುವ ಕಿರಿಯ ಮಿತ್ರರಿಗೆ ನನ್ನ ತಪ್ಪಿನಿಂದ ಪ್ರಯೋಜನವಾಗಲಿ ಎಂಬುದೇ ಈ ಲೇಖನದ ಉದ್ದೇಶ.

ನಾನು ಸುತ್ತೂರಿನವನು. ನಮ್ಮ ಊರಿನ ಮಗ್ಗುಲಲ್ಲೇ ಕಪಿಲಾ ನದಿ ಹರಿಯುತ್ತದೆ. ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ನಂಜನಗೂಡನ್ನು ಹಾದು, ನಮ್ಮ ಊರನ್ನು ಸವರಿಕೊಂಡು ಹೋಗಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಈ ಹೊಳೆಯ ನೀರು ಕಡೆಗೆ ಬಂಗಾಳ ಕೊಲ್ಲಿಯ ಕಡೆಗೆ ಹೋಗುತ್ತದೆ. ಪಡುವಣ ಕಡಲು ನಮಗೆ ಹೆಚ್ಚು ಹತ್ತಿರವಾದರೂ ನಮ್ಮ ನೀರಿನ ಮುಖ ಮೂಡಣಕ್ಕೆ. ನನ್ನ ತಾತ ಪ್ರಾಯದಲ್ಲಿ ಈ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವರು. ಅವರಿಗೆ ಓದುಬರಹ ಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ.

ಎರಡನೆಯ ವರ್ಷದ ಪರೀಕ್ಷೆ ಮುಗಿದ ಜೂನ್ ತಿಂಗಳಲ್ಲಿ ನಾವು ನಾಲ್ವರು ಗೆಳೆಯರು ಈ ಪ್ರವಾಸವನ್ನು ನಿಶ್ಚಯಿಸಿದೆವು. ಏರ್ಪಾಟಿನ ಭಾರವನ್ನು ನಾನು ಹೊತ್ತೆ. ಬಸ್ಸಿನ ವೇಳೆ, ಊಟದ ಖರ್ಚು, ತಂಗುವ ಜಾಗ ಎಲ್ಲವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಕೂಲಿಯ ದುಡ್ಡಿನಲ್ಲಿ ಉಳಿಸಿ ಇಟ್ಟಿದ್ದುದನ್ನು ನನ್ನ ತಾಯಿ ತೆಗೆದುಕೊಟ್ಟರು. ರಾತ್ರಿಯೆಲ್ಲ ಪ್ರಯಾಣ ಮಾಡಿ ಮಲ್ಪೆಯಲ್ಲಿ ಇಳಿದಾಗ ಜಡಿಮಳೆ. ದೋಣಿಗಳೆಲ್ಲ ದಡದಲ್ಲಿ ಕಟ್ಟಿಹಾಕಿಕೊಂಡಿದ್ದವು. ಅಲ್ಲಿದ್ದ ಒಬ್ಬರು ಮೀನುಗಾರರು, "ಈಗ ದೋಣಿ ಇಲ್ಲ ಮಾರಾಯ್ರೆ, ಮಳೆಗಾಲ ಮುಗಿದ ಮೇಲೆ ಬನ್ನಿ" ಎಂದರು. ಮಳೆಯ ತೆರೆಯಲ್ಲಿ ದ್ವೀಪ ಕಣ್ಣಿಗೆ ಬೀಳಲೂ ಇಲ್ಲ. ಗೆಳೆಯರು ನನ್ನನ್ನು ಬಯ್ಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಮನೆಗೆ ಬಂದಾಗ ತಾತ ಕೇಳಿದ್ದು ಒಂದೇ ಮಾತು: "ಬಸ್ಸಿನವನ್ನ ಕೇಳ್ದೆ, ಹೋಟ್ಲವನ್ನ ಕೇಳ್ದೆ. ದಾಟ್ಸೋನ್ನ ಕೇಳಿದ್ಯಾ?" ನಾನು ಕೇಳಿರಲಿಲ್ಲ. ಹದಿನಾಲ್ಕು ವರ್ಷ ಓದಿದವನಿಗೆ ಹೊಳೆಯದೇ ಹೋದ ಪ್ರಶ್ನೆ, ಹರಿಗೋಲು ಹಾಕಿದವರಿಗೆ ಮೊದಲು ಹೊಳೆದಿತ್ತು.

ಆದುದರಿಂದ ದ್ವೀಪಯಾತ್ರೆಯಲ್ಲಿ ಮೊದಲು ವಿಚಾರಿಸಬೇಕಾದುದು ಋತುವನ್ನು. ನೈಋತ್ಯ ಮಾರುತ ಬೀಸತೊಡಗಿದೊಡನೆ ಪಶ್ಚಿಮ ಕರಾವಳಿಯ ಸಮುದ್ರ ಪ್ರಕ್ಷುಬ್ಧವಾಗುತ್ತದೆ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಿಷೇಧವಿದೆ. ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳು ಸಾಮಾನ್ಯವಾಗಿ ಮೇ ಮಧ್ಯದ ಹೊತ್ತಿಗೆ ನಿಂತು, ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಕಡಲು ಶಾಂತವಾದ ಮೇಲೆ ಮತ್ತೆ ಹೊರಡುತ್ತವೆ. ದಿನಾಂಕವು ವರ್ಷ ವರ್ಷಕ್ಕೂ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಮಲ್ಪೆಗೆ ದೂರವಾಣಿ ಮಾಡಿ ಕೇಳುವುದು ಕ್ಷೇಮ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ.

ಎರಡನೆಯದು ದಿನದ ಆಯ್ಕೆ. ಭಾನುವಾರ ಮತ್ತು ರಜಾದಿನಗಳಲ್ಲಿ ದೋಣಿಗಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಎರಡು ವರ್ಷಕ್ಕೊಮ್ಮೆ, 2024, 2026ರಂತಹ ಸಮವರ್ಷಗಳಲ್ಲಿ, ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯೋತ್ಸವ ನಡೆಯುತ್ತದೆ. ಉತ್ಸವ ನೋಡುವ ಆಸೆಯಿದ್ದವರಿಗೆ ಅದು ಸುಸಂಧಿ. ಕಡಿಮೆ ಹಣದಲ್ಲಿ ತಂಗಬೇಕೆಂಬವರು ಆ ದಿನಗಳನ್ನು ಬಿಡುವುದು ಲೇಸು.

ಮೂರನೆಯದು ದಾರಿ ಮತ್ತು ಖರ್ಚು. ಸುತ್ತೂರಿನಿಂದ ಮೈಸೂರಿಗೆ ಬಂದು, ಅಲ್ಲಿಂದ ಮಡಿಕೇರಿ, ಮಂಗಳೂರಿನ ಮಾರ್ಗವಾಗಿ ಉಡುಪಿಗೆ ಹೋಗಬೇಕು. ಮೈಸೂರಿನಿಂದಲೇ 300 ಕಿಲೋಮೀಟರಿಗೂ ಮಿಗಿಲಾದ ದಾರಿ. ರಾತ್ರಿಯ ಬಸ್ಸು ಹಿಡಿದರೆ ಒಂದು ರಾತ್ರಿಯ ಕೊಠಡಿ ಬಾಡಿಗೆ ಉಳಿಯುತ್ತದೆ. ಉಡುಪಿಯಿಂದ ಮಲ್ಪೆ ಐದಾರು ಕಿಲೋಮೀಟರು ಮಾತ್ರ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಗುರುತಿನ ಚೀಟಿ ಜೊತೆಯಲ್ಲಿರಬೇಕು. ಸುಖಾಸನದ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಲೆಕ್ಕ ಹಾಕುವಾಗ ಹೋಗುವ ಖರ್ಚಿನ ಜೊತೆಗೆ, ಒಂದು ದಿನ ಹೆಚ್ಚಾಗಿ ನಿಲ್ಲಬೇಕಾದರೆ ಬೇಕಾಗುವಷ್ಟನ್ನೂ ಬೇರೆಯಾಗಿ ಕಟ್ಟಿಡಬೇಕು. ಕಡಲು ಒಲ್ಲೆನೆಂದ ದಿನ ಆ ಹಣವೇ ನಮ್ಮನ್ನು ಕಾಯುತ್ತದೆ.

ಇನ್ನು ದ್ವೀಪದ ವಿಷಯ. ಮಲ್ಪೆಯಿಂದ ಸುಮಾರು 6 ಕಿಲೋಮೀಟರು, ದೋಣಿಯಲ್ಲಿ ಅರ್ಧ ಗಂಟೆಯ ಪಯಣ. ಸ್ಥಳೀಯರು ಇದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. 1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಮೇರಿಮಾತೆಯ ಹೆಸರನ್ನಿಟ್ಟನೆಂದು ಪ್ರತೀತಿ. ಪ್ರವಾಸಿಗಳು ಇಳಿಯುವ ದ್ವೀಪ ಸುಮಾರು 500 ಮೀಟರು ಉದ್ದ, 100 ಮೀಟರು ಅಗಲವಷ್ಟೆ. ತೆಂಗಿನ ಮರಗಳು, ಕಪ್ಪೆಚಿಪ್ಪುಗಳು ಹರಡಿದ ತೀರ, ಸುತ್ತಲೂ ನೀಲಿಯ ನೀರು. ಜನವಸತಿ ಇಲ್ಲ, ರಾತ್ರಿ ತಂಗುವಂತಿಲ್ಲ.

ಇಲ್ಲಿಯ ನಿಜವಾದ ಅದ್ಭುತ ಕಲ್ಲುಕಂಬಗಳು. ಶಿಲ್ಪಿ ಕಡೆದು ನಿಲ್ಲಿಸಿದಂತೆ ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಭೂಗರ್ಭದಿಂದ ಉಕ್ಕಿಬಂದ ಶಿಲಾರಸ ಆರಿ ಆದ ಕಲ್ಲು ಇದು. ಬೇಸಗೆಯಲ್ಲಿ ನಮ್ಮ ಕೆರೆಯಂಗಳದ ಕೆಸರು ಒಣಗಿ ಹಲಗೆ ಹಲಗೆಯಾಗಿ ಬಿರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ನೀರು ಆರಿದಾಗ ಕೆಸರು ಕುಗ್ಗಿ ಬಿರಿಯುವಂತೆ, ಬಿಸಿ ಆರಿದಾಗ ಶಿಲಾರಸ ಕುಗ್ಗಿ ಬಿರಿಯಿತು. ಬಿರುಕು ಮೇಲಿನಿಂದ ಒಳಗೆ ಇಳಿದಂತೆ ಕಂಬಗಳಾದವು. ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ ಎಂಬಲ್ಲಿಯೂ ಇಂತಹುದೇ ಕಂಬಗಳಿವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯಂತೆ ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಒಂದು ಚೂರನ್ನೂ ಒಡೆದು ತರಬಾರದು.

ಕಡೆಯದಾಗಿ ಅಪಾಯದ ಮಾತು. 2022ರ ಏಪ್ರಿಲ್ ತಿಂಗಳಲ್ಲಿ ಕಾಲೇಜಿನ ಪ್ರವಾಸಕ್ಕೆಂದು ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಸಮುದ್ರದ ಪಾಲಾದರು. ಅವರೂ ನಮ್ಮ ಪ್ರಾಯದವರೇ. ಹೊಳೆಯಲ್ಲಿ ಈಜು ಬಲ್ಲೆನೆಂಬ ಧೈರ್ಯ ಕಡಲಿನ ಬಂಡೆಗಳ ಬಳಿ ಸಲ್ಲದು. ಪಾಚಿಗಟ್ಟಿದ ಕಲ್ಲು ಜಾರುತ್ತದೆ. ಅಲೆ ಹೇಳಿ ಬರುವುದಿಲ್ಲ. ಜೀವರಕ್ಷಕ ಜಾಕೆಟನ್ನು ದೋಣಿಯಲ್ಲಿ ತೊಟ್ಟೇ ಇರಬೇಕು. ಕಾವಲಿನವರು ಬೇಡವೆಂದ ಕಡೆ ಹೋಗಬಾರದು. ದ್ವೀಪದಲ್ಲಿ ಇಳಿದೊಡನೆ ಹಿಂದಿರುಗುವ ಕಡೆಯ ದೋಣಿಯ ವೇಳೆಯನ್ನು ಕೇಳಿಕೊಳ್ಳಬೇಕು. ಕುಡಿಯುವ ನೀರನ್ನು ಒಯ್ದು, ಖಾಲಿ ಬಾಟಲಿಯನ್ನು ತಪ್ಪದೆ ವಾಪಸು ತರಬೇಕು.

ಕಳೆದ ಡಿಸೆಂಬರಿನಲ್ಲಿ, ಈ ಸಲ ದಾಟಿಸುವವರನ್ನು ಮೊದಲು ಕೇಳಿಕೊಂಡು, ನಾನು ಮತ್ತೆ ಹೊರಟೆ. ಹಿಂದಿನ ಗೆಳೆಯರ ಜೊತೆಗೆ ನನ್ನ ತಾಯಿಯೂ ಬಂದರು. ತಾತನಿಗೆ ಅಷ್ಟು ದೂರದ ಪ್ರಯಾಣ ಆಗದು. ದೋಣಿ ಬಂದರನ್ನು ದಾಟಿ ತೂಗತೊಡಗಿದಾಗ ನಾವು ಹುಡುಗರು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ಹರಿಗೋಲಿನಲ್ಲಿ ಬೆಳೆದ ತಾಯಿ ಮಾತ್ರ ಮನೆಯ ಜಗಲಿಯಲ್ಲಿ ಕುಳಿತಂತೆ ಕುಳಿತಿದ್ದರು. ದ್ವೀಪದ ತೀರದಲ್ಲಿ ಬೊಗಸೆಗೆ ನೀರು ತೆಗೆದುಕೊಂಡು ನಾಲಗೆಗೆ ತಾಗಿಸಿ, "ನಮ್ಮ ಹೊಳೆ ನೀರು ಇಲ್ಲಿಗೇ ಬರೋದಾ?" ಎಂದು ಕೇಳಿದರು. ಇಲ್ಲ, ಅದು ಆಚೆಯ ಕಡಲಿಗೆ ಹೋಗುತ್ತದೆ ಎಂದು ನಾನು ಮರಳಿನ ಮೇಲೆ ಕಡ್ಡಿಯಿಂದ ನಕ್ಷೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಅದನ್ನು ನೋಡಿದರು. ನಾನು ಓದಿದ ಪಾಠವನ್ನು ನನ್ನ ತಾಯಿಗೆ ಹೇಳಿಕೊಟ್ಟದ್ದು ಅದೇ ಮೊದಲು.

ಕಿರಿಯ ಮಿತ್ರರೇ, ನೀವೂ ಹೋಗಿಬನ್ನಿರಿ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿರಿ. ಆದರೆ ಬಸ್ಸಿನ ಟಿಕೆಟ್ ಕೊಳ್ಳುವ ಮುನ್ನ ದೋಣಿಯವರನ್ನು ಕೇಳಿರಿ.