ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು

ತಪ್ಪು ಕಲ್ಪನೆ: ‘ಆ ಮುಖವನ್ನು ಸಾಯುವವರೆಗೂ ಮರೆಯಲಾರೆ’ ಎಂದು ಕಟಕಟೆಯಲ್ಲಿ ನಿಂತು ಹೇಳುವ ಸಾಕ್ಷಿ ತಪ್ಪುವುದಿಲ್ಲ.

ಸತ್ಯ: ಆ ದೃಢತೆ ಎಷ್ಟೋ ಸಲ ಘಟನೆಯಾದ ಮೇಲೆ ಬೆಳೆದದ್ದು. 1984ರ ಜುಲೈನಲ್ಲಿ ಅಮೆರಿಕದ ನಾರ್ತ್ ಕರೋಲಿನಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಬದುಕಿ ಉಳಿದರೆ ಇವನನ್ನು ಹಿಡಿಸಲೇಬೇಕೆಂದು ಆಕೆ ಆ ಹೊತ್ತಿನಲ್ಲೂ ಮುಖವನ್ನು ಗಮನವಿಟ್ಟು ನೋಡಿದ್ದಳು. ಪೊಲೀಸರು ಫೋಟೊಗಳನ್ನು ಮುಂದಿಟ್ಟಾಗ ಕೆಲವು ನಿಮಿಷ ಯೋಚಿಸಿ ರೊನಾಲ್ಡ್ ಕಾಟನ್ ಎಂಬಾತನದನ್ನು ಆರಿಸಿದಳು. ಆಮೇಲೆ ಸಾಲಾಗಿ ನಿಲ್ಲಿಸಿದವರಲ್ಲೂ ಅವನನ್ನೇ ತೋರಿಸಿದಳು. ಫೋಟೊದಲ್ಲೂ ಸಾಲಿನಲ್ಲೂ ಇದ್ದವನು ಅವನೊಬ್ಬನೇ! ಫೋಟೊದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ತಿಳಿಸಿದರು. ಇದ್ದ ಅನುಮಾನ ಅಲ್ಲಿಗೆ ಹೋಯಿತು. ಕಾಟನ್‌ಗೆ ಜೀವಾವಧಿ ಶಿಕ್ಷೆಯಾಯಿತು.

1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನೇ ಆಕೆಯ ಎದುರು ತಂದು ನಿಲ್ಲಿಸಿದರು. ಇವನನ್ನು ನೋಡಿಯೇ ಇಲ್ಲ ಎಂದಳು. ಆಕೆ ಸುಳ್ಳಾಡಲಿಲ್ಲ. ನೆನಪಿನಲ್ಲಿ ಪೂಲ್‌ನ ಮುಖವಿದ್ದ ಜಾಗಕ್ಕೆ ಅಷ್ಟರಲ್ಲಿ ಕಾಟನ್‌ನ ಮುಖ ಬಂದು ಕೂತಿತ್ತು. 1995ರಲ್ಲಿ ಡಿಎನ್‌ಎ ಪರೀಕ್ಷೆ ಪೂಲ್‌ನತ್ತ ಬೆರಳು ಮಾಡಿತು. ಹತ್ತು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿದ್ದ ಕಾಟನ್ ಹೊರಬಂದ.

ತಪ್ಪು ಕಲ್ಪನೆ: ಒಬ್ಬರು ತಪ್ಪಬಹುದು, ಇಬ್ಬರೂ ತಪ್ಪುತ್ತಾರೆಯೇ?

ಸತ್ಯ: ತಪ್ಪಿದರು. ಅದೇ ರಾತ್ರಿ ದಾಳಿಗೊಳಗಾದ ಇನ್ನೊಬ್ಬ ಮಹಿಳೆ ಮೊದಲು ಸಾಲಿನಲ್ಲಿ ಬೇರೆ ಯಾರನ್ನೋ ತೋರಿಸಿದ್ದಳು. ಮರುವಿಚಾರಣೆಯಲ್ಲಿ ಆಕೆಯೂ ಕಾಟನ್‌ನೇ ಎಂದಳು.

ಎಲ್ಲೋ ಒಂದು ಹೀಗಾಗಿರಬೇಕು ಅನ್ನುವವರಿಗೆ: 1989ರಿಂದ 2020ರವರೆಗೆ ಅಮೆರಿಕದಲ್ಲಿ ಡಿಎನ್‌ಎ ಆಧಾರದ ಮೇಲೆ ನಿರ್ದೋಷಿಗಳೆಂದು ಸಾಬೀತಾದ 375 ಮಂದಿಯಲ್ಲಿ ಸುಮಾರು ಶೇ 69ರಷ್ಟು ಪ್ರಕರಣಗಳಲ್ಲಿ ಸಾಕ್ಷಿಗಳು ತಪ್ಪಾಗಿ ಗುರುತಿಸಿದ್ದರು.

ತಪ್ಪು ಕಲ್ಪನೆ: ಆರೋಪಿಯ ಮುಖಕ್ಕೆ ನಮ್ಮ ಪೊಲೀಸರು ಮುಸುಕು ಹಾಕುವುದು ಅವನ ಮಾನ ಉಳಿಸಲು.

ಸತ್ಯ: ಅದು ಮುಖ್ಯವಾಗಿ ಗುರುತು ಪತ್ತೆ ಪರೇಡ್‌ಗಾಗಿ. ಆರೋಪಿಯನ್ನು ಬೇರೆಯವರ ಜೊತೆ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಗೆ ತೋರಿಸುವ ಈ ಪರೇಡ್ ನಮ್ಮ ಕಾನೂನಿನಲ್ಲಿ ತಾನಾಗಿಯೇ ಮೂಲ ಸಾಕ್ಷ್ಯವಲ್ಲ, ಕೋರ್ಟಿನಲ್ಲಿ ಗುರುತಿಸುವುದಕ್ಕೆ ಬೆಂಬಲವಷ್ಟೇ. ಸಾಕ್ಷಿ ಆ ಮುಖವನ್ನು ಅದಕ್ಕೂ ಮೊದಲೇ ಠಾಣೆಯಲ್ಲೋ ಟಿವಿಯಲ್ಲೋ ನೋಡಿದ್ದರೆ ಆ ಬೆಂಬಲವೂ ಬಿದ್ದುಹೋಗುತ್ತದೆ.